ಯುಗಾದಿಗಿಂತ ಮೊದಲು ಟೇಪ್ ಇದ್ದವರು

ಜೂನ್ 8, ರವಿವಾರ

ಈ ಡೈರಿ ಗೊಬ್ಬರದ ಅಂಗಡಿಯ ಜಿನ್ನಪ್ಪ ಕಾಕಾ ಕೊಟ್ಟದ್ದು. ಯಾವುದೋ ಬೀಜದ ಕಂಪನಿಯದು. ಪ್ರತಿ ಪುಟದ ಕೆಳಗೆ ಒಂದು ಮೆಕ್ಕೆಜೋಳದ ತೆನೆ ನಗುತ್ತಿದೆ. "ಶಿವಪುತ್ರಾ, ಸಿಟ್ಟು ಬಂದಾಗ ಬಾಯಿ ತಗೀಬ್ಯಾಡ, ಇದರಾಗ ಬರಿ" ಎಂದಿದ್ದರು. ಜನವರಿಯಿಂದ ಒಂದಕ್ಷರ ಬರೆದಿಲ್ಲ. ಸಿಟ್ಟು ಬಂದಿಲ್ಲ ಎಂದಲ್ಲ, ಪೆನ್ನು ಸಿಕ್ಕಿರಲಿಲ್ಲ.

ಇವತ್ತು ಪೆನ್ನು ಹುಡುಕಿಕೊಂಡು ಕುಳಿತಿದ್ದೇನೆ.

ನಮ್ಮ ಊರಲ್ಲಿ ಅರಿಶಿಣ ನೆಡುವ ಕಾಲದಲ್ಲಿ ಆಳು ಸಿಗುವುದು ಕಷ್ಟ. ಹೆಣ್ಣಾಳುಗಳು ಯಾರ ಟ್ರೇಲರ್ ಹತ್ತುತ್ತಾರೋ ಅವನ ಟ್ರ್ಯಾಕ್ಟರಿಗೆ ಕೆಲಸ. ಅವರು ಹತ್ತುವುದು ಟೇಪ್ ಇರುವ ಟ್ರ್ಯಾಕ್ಟರ್. ಟೇಪ್ ಎಂದರೆ ಹಳೆಯ ಕಾಲದ ಟೇಪ್ ಅಲ್ಲ. ಸೀಟಿನ ಹಿಂದೆ ಕಪಾಟಿನಷ್ಟು ದೊಡ್ಡ ಸೌಂಡ್ ಬಾಕ್ಸ್, ಎರಡು ಬ್ಯಾಟರಿ. ಹಚ್ಚಿದರೆ ಹೊಟ್ಟೆಯೊಳಗಿನ ರೊಟ್ಟಿ ಕುಣಿಯಬೇಕು. ಹನ್ನೆರಡು ಹೆಣ್ಣಾಳುಗಳ ಒಂದು ಗ್ಯಾಂಗ್ ಇದೆ. ಅದರ ಯಜಮಾನಿ ಯಲ್ಲಕ್ಕ. ಯಲ್ಲಕ್ಕ ನನ್ನ ಅವ್ವ. ನಾನು ಸಂಕ್ರಾಂತಿಗೆ ಹಳೆಯ ಟ್ರ್ಯಾಕ್ಟರ್ ತಂದೆ. ಅಂದಿನಿಂದ ಇಂದಿನವರೆಗೆ ನನ್ನ ಹೆತ್ತ ಅವ್ವ ಒಂದು ದಿನವೂ ನನ್ನ ಟ್ರೇಲರ್ ಹತ್ತಿಲ್ಲ. ಬಸಗೊಂಡಪ್ಪ ಸಾಹುಕಾರರದು ಹತ್ತುತ್ತಾಳೆ. ಅವರ ಟೇಪ್ ಊರಿಗೆಲ್ಲ ದೊಡ್ಡದು.

ಅದಕ್ಕೇ ನಾನೂ ಹುಲೆಪ್ಪನೂ ರಬಕವಿಯ ಬಡಿಗೇರನ ಹತ್ತಿರ ಒಂದೊಂದು ಬಾಕ್ಸ್ ಮಾಡಿಸಲು ಹಾಕಿದೆವು. ಹುಲೆಪ್ಪ ನನ್ನ ದೋಸ್ತ, ನನ್ನ ಬಾಯಲ್ಲಿ ಹುಲ್ಯಾ. ಒಂಬತ್ತನೆಯಲ್ಲಿ ಇಬ್ಬರೂ ಒಂದೇ ದಿನ ಶಾಲೆ ಬಿಟ್ಟೆವು. ನಾನು ಗಣಿತದ ಮಾಸ್ತರರ ಜೊತೆ ಜಗಳ ಮಾಡಿ ಬಿಟ್ಟೆ, ಅವನು ನಾನು ಬಿಟ್ಟೆ ಎಂದು ಬಿಟ್ಟ. ಅವನದೂ ಹಳೆಯ ಟ್ರ್ಯಾಕ್ಟರ್. ನನ್ನ ಬಾಕ್ಸ್ ಗುರುವಾರ ಬಂತು. ಅವನದಕ್ಕೆ ಇನ್ನೂ ಬಣ್ಣ ಆಗಬೇಕು.

ಇವತ್ತು ಮುಂಜಾನೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ಹೋದ ವಾರ ಸಾಹುಕಾರರ ಟೇಪಿಗೂ ಪರಸಪ್ಪನ ಟೇಪಿಗೂ ಜಿದ್ದು ಬಿದ್ದು, ಎರಡೂ ಟ್ರ್ಯಾಕ್ಟರ್ ಎದುರುಬದುರು ನಿಲ್ಲಿಸಿ ಹಚ್ಚಿದ್ದರು. ಹಾಲಿನ ಡೇರಿಯ ಕಿಟಕಿಯ ಗಾಜು ಒಡೆಯಿತು. ನಾಲ್ಕು ಎಮ್ಮೆ ಎರಡು ದಿನ ಹಾಲು ಬಿಡಲಿಲ್ಲ. ಅದಕ್ಕೆ ಇವತ್ತಿನ ತೀರ್ಮಾನ: ಯುಗಾದಿಗಿಂತ ಮೊದಲು ಟೇಪ್ ಇದ್ದ ಐದು ಟ್ರ್ಯಾಕ್ಟರುಗಳು ಇಟ್ಟುಕೊಳ್ಳಬಹುದು. ಹೊಸದಾಗಿ ಯಾರೂ ಹಚ್ಚಬಾರದು. ಎಲ್ಲರೂ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು.

ಗಾಜು ಒಡೆದವರು ಯಾರು? ಆ ಐವರಲ್ಲಿ ಇಬ್ಬರು. ಟೇಪ್ ಇಟ್ಟುಕೊಳ್ಳುವವರು ಯಾರು? ಅವರೇ.

"ನಿಮ್ಮವನ್ನ ಯಾವಾಗ ತಗೀತೀರಿ?" ಎಂದು ಕೇಳಿದೆ.

"ಕ್ರಮೇಣ ಕಡಿಮಿ ಮಾಡ್ತೇವಲೇ" ಎಂದರು ಸಾಹುಕಾರರು.

"ಕ್ರಮೇಣ ಅಂದರ ಯಾವ ತಾರೀಖರೀ?"

"ಕ್ರಮೇಣ ಅಂದರ ಕ್ರಮೇಣ. ಕುಂದರ ಕೆಳಗ."

ಕುಳಿತುಕೊಳ್ಳಲಿಲ್ಲ. ಎದ್ದು ಬಂದೆ. ಸಹಿ ಇನ್ನೂ ಮಾಡಿಲ್ಲ.

ಜೂನ್ 9, ಸೋಮವಾರ

ಸಾಹುಕಾರರು ಇಬ್ಬರನ್ನು ಕರೆದುಕೊಂಡು ಬಂದು ನನ್ನ ಟ್ರ್ಯಾಕ್ಟರಿನ ಸೀಟು ಎತ್ತಿ ನೋಡಿದರು.

"ಈ ವಾಯರ್ ಏನಲೇ?"

"ಮೊಬೈಲ್ ಚಾರ್ಜ್ ಮಾಡಾಕ್ರೀ."

"ಮೊಬೈಲ್ ಚಾರ್ಜರಿಗೆ ಇಷ್ಟ ದಪ್ಪ ವಾಯರ್?"

"ನನ್ನ ಮೊಬೈಲ್ ಹಳೇದ್ರೀ, ಭಾಳ ಕುಡೀತೈತಿ."

ಬಾಕ್ಸ್ ದನದ ಕೊಟ್ಟಿಗೆಯಲ್ಲಿ ಮೇವಿಗೆ ಒಟ್ಟಿದ ಜೋಳದ ಕಣಕಿಯ ಕೆಳಗಿತ್ತು. ಅವರು ಕಣಕಿಯ ಮೇಲೆಯೇ ಕುಳಿತು ಚಹಾ ಕುಡಿದು ಹೋದರು. ಅವ್ವ ಒಳಗೆ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಅವರ ಸೀಟು ಎತ್ತಿ ನೋಡುವವರು ಯಾರು?

ಜೂನ್ 11, ಬುಧವಾರ

ಮುಂಜಾನೆ ಬಸ್ ನಿಲ್ದಾಣದ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದೆ. ಗ್ಯಾಂಗ್ ಬಂತು. ಅವ್ವ ಮುಂದೆ, ಹನ್ನೊಂದು ಮಂದಿ ಹಿಂದೆ. ನನ್ನನ್ನು ದಾಟಿ ಸಾಹುಕಾರರ ಟ್ರೇಲರ್ ಹತ್ತಿದರು.

"ಯವ್ವಾ, ನಾ ನಿನ್ನ ಮಗ ಅದೇನಿ ಬೇ!" ಎಂದು ಕೂಗಿದೆ.

"ಗೊತ್ತೈತಿ. ನಾನ ಹಡದೇನಿ" ಎಂದಳು ಅವ್ವ.

ಹೀರಾ ಎಂಬ ಹೆಂಗಸು ಟ್ರೇಲರಿನಿಂದಲೇ ಹೇಳಿದಳು: "ಶಿವ್ಯಾ, ಬ್ಯಾಸರಾ ಮಾಡ್ಕೋಬ್ಯಾಡೋ ತಮ್ಮಾ. ಟೇಪ್ ಇಲ್ಲದ ಟ್ರೇಲರ್ ಹತ್ತಿದರ ಹೆಣದ ಹಿಂದ ಮಣ್ಣಿಗೆ ಹೊಂಟಂಗ ಅನಸತೈತಿ."

ಹನ್ನೆರಡು ಮಂದಿ ನಕ್ಕರು. ಅವ್ವನ ನಗು ಎಲ್ಲರಿಗಿಂತ ಜೋರಾಗಿತ್ತು. ಕೆಲಸವಿಲ್ಲದೆ ಮನೆಗೆ ಬಂದು ಟ್ರ್ಯಾಕ್ಟರ್ ತೊಳೆದೆ. ನಿನ್ನೆಯೂ ತೊಳೆದಿದ್ದೆ. ಹುಲೆಪ್ಪನೂ ಅವನದನ್ನು ತೊಳೆಯುತ್ತಿದ್ದ. ಜಮಖಂಡಿ ತಾಲೂಕಿನಲ್ಲಿ ನಮ್ಮವೆರಡರಷ್ಟು ಸ್ವಚ್ಛ ಟ್ರ್ಯಾಕ್ಟರ್ ಇರಲಿಕ್ಕಿಲ್ಲ.

ಜೂನ್ 14, ಶನಿವಾರ

ಇವತ್ತು ನನ್ನ ಕಣ್ಣು ತೆರೆಯಿತು.

ಜಿನ್ನಪ್ಪ ಕಾಕಾರ ಅಂಗಡಿಗೆ ಹೋಗಿದ್ದೆ. ಕಾಕಾ ಗೊಬ್ಬರ ಮಾರುತ್ತಾರೆ, ಹುಳಕ್ಕೆ ಹೊಡೆಯುವ ಎಣ್ಣೆ ಮಾರುವುದಿಲ್ಲ. ಜೈನರು, ಜೀವಹಿಂಸೆ ಬೇಡ ಎಂದು. ಅದು ಬೇಕಾದರೆ ಪಕ್ಕದ ಅಂಗಡಿಗೆ ಹೋಗಬೇಕು. ಅಂಗಡಿಯ ಟೀವಿಯಲ್ಲಿ ಬರೀ ಹೊಗೆ, ಬೆಂಕಿ. ಇಸ್ರೇಲ್ ಇರಾನಿನ ಮೇಲೆ ಬಾಂಬ್ ಹಾಕಿದೆಯಂತೆ.

"ಯಾಕ್ರೀ ಕಾಕಾ?"

"ಇರಾನ್ ಅಣುಬಾಂಬ್ ಮಾಡಾಕತ್ತೈತಿ ಅಂತ ಸಂಶೆ."

"ಇಸ್ರೇಲ್ ಕಡಿ ಇಲ್ಲೇನ್ರೀ ಅಣುಬಾಂಬ್?"

"ಐತಿ ಅಂತ ಜಗತ್ತೆಲ್ಲಾ ಹೇಳತೈತಿ. ಅವರು ಐತಿ ಅನ್ನೂದಿಲ್ಲ, ಇಲ್ಲಾನೂ ಅನ್ನೂದಿಲ್ಲ."

ಕಣಕಿಯ ಕೆಳಗೆ ಇಟ್ಟಿದ್ದಾರೆ ಎಂದು ನನಗೆ ತಕ್ಷಣ ತಿಳಿಯಿತು.

"ಹಂಗಾರ ಯಾರ ಕಡಿ ಇರಬಹುದು, ಯಾರ ಕಡಿ ಇರಬಾರದು ಅಂತ ಯಾರು ಹೇಳೂದ್ರೀ?"

ಕಾಕಾ ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಪಾಠ ಶುರುವಾಯಿತು ಎಂದೇ ಅರ್ಥ. "ಒಂದು ಒಪ್ಪಂದ ಐತಿ. ಸಾವಿರದ ಒಂಬೈನೂರಾ ಅರವತ್ತೇಳರ ಜನವರಿ ಒಂದಕ್ಕಿಂತ ಮೊದಲ ಯಾರು ಬಾಂಬ್ ಸಿಡಿಸಿ ತೋರಿಸಿದ್ರೋ ಅವರು ಬಾಂಬ್ ಇದ್ದ ದೇಶ. ಅಮೆರಿಕಾ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ. ಐದು. ಸಹಿ ಮಾಡಿದ ಉಳಿದ ದೇಶ ಯಾವೂ ಮಾಡಬಾರದು."

ನಾನು ಗೊಬ್ಬರದ ಚೀಲದ ಮೇಲಿಂದ ಎದ್ದು ನಿಂತೆ. "ಯುಗಾದಿ!" ಎಂದು ಕೂಗಿಬಿಟ್ಟೆ. "ಕಾಕಾ, ಇದು ನಮ್ಮೂರಿನ ಯುಗಾದಿನ ಐತಲ್ರೀ! ಐದು ಅಂದ್ರ ಐದ!"

"ಸುಮ್ಮನ ಕುಂದರು, ಚೀಲಾ ಹರೀತೈತಿ."

"ಆ ಐದೂ ಮಂದಿ ತಮ್ಮವನ್ನ ಏನ್ ಮಾಡ್ತಾರಂತ್ರೀ?"

"ಕಡಿಮಿ ಮಾಡೂ ಮಾತುಕತಿ ಮನಸಿಟ್ಟು ನಡಸತೇವಿ ಅಂತ ಬರದಾರ."

"ಕ್ರಮೇಣ!"

ಕಾಕಾ ನಕ್ಕರು. ಆಮೇಲೆ ಇನ್ನೂ ಹೇಳಿದರು. ಇರಾನ್ ಸಹಿ ಮಾಡಿದೆ, ಅದಕ್ಕೆ ಅಲ್ಲಿ ತಪಾಸಣೆಯವರು ಹೋಗುತ್ತಾರೆ. ಇರಾನೂ ಸಾಚಾ ಅಲ್ಲ, ಅವರಿಗೆ ಎಲ್ಲವನ್ನೂ ತೋರಿಸಿಲ್ಲ. ಇಸ್ರೇಲ್ ಸಹಿಯನ್ನೇ ಮಾಡಿಲ್ಲ. ಪಾಕಿಸ್ತಾನವೂ ಇಲ್ಲ. ಮತ್ತು ನಮ್ಮ ದೇಶವೂ ಮಾಡಿಲ್ಲ! ಇದು ಅನ್ಯಾಯದ ಕರಾರು, ಇದ್ದವರಿಗೆ ಒಂದು ನ್ಯಾಯ ಇಲ್ಲದವರಿಗೆ ಇನ್ನೊಂದು ಎಂದು ನಮ್ಮವರು ಹೇಳಿದರಂತೆ. ಎಪ್ಪತ್ನಾಲ್ಕರಲ್ಲಿ ಒಂದು ಸಿಡಿಸಿದರು, ತೊಂಬತ್ತೆಂಟರಲ್ಲಿ ಮತ್ತೆ ಸಿಡಿಸಿದರು. ಮೈಮೇಲೆ ರೋಮ ಎದ್ದು ನಿಂತವು. ನಮ್ಮ ದೇಶ ನನ್ನ ಹಾಗೆಯೇ ಇದೆ.

"ನೀವು ಹೇಳ್ರಿ ಕಾಕಾ, ಯಾರ ಕಡಿ ಇರಬೇಕು?"

"ಯಾರ ಕಡೀನೂ ಇರಬಾರದು."

"ಅದೇನ್ ಉತ್ತರರೀ? ನೀವು ಎಣ್ಣಿ ಮಾರೂದಿಲ್ಲ ಅಂದ್ರ ಹುಳಾ ಉಳದಾವೇನು? ಬಾಜೂದವ ಮಾರತಾನ."

ಕಾಕಾರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ. "ಖರೆ ಐತಪಾ. ಯಾರ ಮಾರಿದರೂ ಹುಳಾ ಸಾಯೂದು ಒಂದ. ಆದರೂ ನಾ ಮಾರೂದಿಲ್ಲ" ಎಂದರು.

ಇದನ್ನು ಏನೆಂದು ತಿಳಿಯಬೇಕು? ಬಿಡು. ನನಗೆ ನನ್ನ ದಾರಿ ಸಿಕ್ಕಿದೆ.

ಜೂನ್ 15, ರವಿವಾರ

ಗುಡಿಯ ಕಟ್ಟೆಗೆ ರಿಜಿಸ್ಟರ್ ಬಂತು. ಎಲ್ಲರ ಎದುರು ಪೆನ್ನಿನ ಮುಚ್ಚಳ ಹಾಕಿ ಹೇಳಿದೆ: "ನಮ್ಮ ದೇಶ ಸಹಿ ಮಾಡಿಲ್ಲ. ನಾನೂ ಮಾಡೂದಿಲ್ಲ."

ಹುಲೆಪ್ಪ ಸೀಟಿ ಹೊಡೆದ. ಸಾಹುಕಾರರು ಬಾಯಿ ತೆರೆದುಕೊಂಡು ನೋಡಿದರು. "ಲೇ ಹುಚ್ಚಾ, ಟೇಪಿಗೂ ದೇಶಕ್ಕೂ ಏನಲೇ ಸಂಬಂಧ?"

ಎಲ್ಲ ಹೇಳಿದೆ. ಅರವತ್ತೇಳು, ಐದು ದೇಶ, ತಪಾಸಣೆ, ಸೀಟು, ಕಣಕಿ. ಕಣಕಿಯದನ್ನು ಹೇಳಬಾರದಿತ್ತು, ಬಾಯಿ ಜಾರಿತು. "ಯಾರ ಕಡಿ ಇರಬೇಕು ಅನ್ನೂದನ್ನ ಇದ್ದವರ ಹೇಳತಾರ. ಅಲ್ಲೂ ಹಂಗ, ಇಲ್ಲೂ ಹಂಗ. ಅದು ಸಂಬಂಧ!"

ಹುಲೆಪ್ಪನೂ ಸಹಿ ಮಾಡಲಿಲ್ಲ. ನಾನು ಮಾಡಲಿಲ್ಲ ಎಂದು.

ಜೂನ್ 17, ಮಂಗಳವಾರ

ಸಿಡಿಸಿದೆ!

ಬಾಕ್ಸ್ ಟ್ರ್ಯಾಕ್ಟರಿಗೆ ಬಿಗಿದುಕೊಂಡು ನಾನೂ ಹುಲ್ಯಾನೂ ಹೊಳೆಯ ದಂಡೆಗೆ ಹೋದೆವು. ಹಿಪ್ಪರಗಿ ಬ್ಯಾರೇಜಿನ ಕಡೆ ಮುಖ ಮಾಡಿ ನಿಲ್ಲಿಸಿದೆವು. ಬೀರಪ್ಪನ ಡೊಳ್ಳಿನ ಪದ ಹಾಕಿದೆ. ನಮ್ಮ ಮನೆದೇವರು, ಮೊದಲನೆಯದು ಅವನದೇ ಆಗಬೇಕು. ಹುಲ್ಯಾ ಒಂದರಿಂದ ಐದು ಎಣಿಸಿದ. ಹಚ್ಚಿದೆ. ಹೊಳೆಯಲ್ಲಿದ್ದ ಬೆಳ್ಳಕ್ಕಿಯೆಲ್ಲ ಒಮ್ಮೆಗೇ ಎದ್ದವು. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ನಿಂತು ನೋಡಿದರು. ಹುಲ್ಯಾ ಕುಣಿದ ಕುಣಿತಕ್ಕೆ ಅವನ ಚಪ್ಪಲಿ ಹೊಳೆಗೆ ಹೋಯಿತು.

ಎರಡೇ ನಿಮಿಷ. ಊರಿಗೆಲ್ಲ ಕೇಳಿಸಿದೆ.

ಜೂನ್ 19, ಗುರುವಾರ

ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ವೆಲ್ಡಿಂಗ್ ಕೆಲಸವನ್ನೂ ಮಾಡುವ ಪರಸಪ್ಪ ನಮ್ಮ ನೇಗಿಲು ರಿಪೇರಿ ಮಾಡಿಕೊಡುವುದಿಲ್ಲ ಎಂದ. ಚಹಾದ ಅಂಗಡಿಯಲ್ಲೂ ನನಗೆ ಕೊನೆಯಲ್ಲಿ ಚಹಾ. ನಿರ್ಬಂಧ! ಹುಲ್ಯಾ ತನ್ನ ಡೀಸೆಲ್ಲಿನಲ್ಲಿ ಅರ್ಧ ಕ್ಯಾನ್ ತಂದು ಸುರಿದು ಹೋದ. ಅವನಿಗೇ ಇಲ್ಲ.

ಅವ್ವ: "ದೇಶಾ ಅಂತ ದೇಶಾ. ದೇಶಕ್ಕ ಉಣ್ಣಾಕ ಹಾಕಾವರು ಅದಾರ. ನಿನಗ ನಾ ಹಾಕಬೇಕು."

ಜೂನ್ 20, ಶುಕ್ರವಾರ

ಮಳೆ. ಎರೆಮಣ್ಣಿನಲ್ಲಿ ಸಾಹುಕಾರರ ಟ್ರೇಲರ್ ಗೊಬ್ಬರದ ಚೀಲಗಳ ಸಮೇತ ಹೂತುಬಿಟ್ಟಿತ್ತು. ಅವರ ಟ್ರ್ಯಾಕ್ಟರಿನ ಗಾಲಿ ನಿಂತಲ್ಲೇ ತಿರುಗುತ್ತಿತ್ತು. ಹತ್ತಿರದಲ್ಲಿ ಇದ್ದವನು ನಾನೊಬ್ಬನೇ. ಐದು ನಿಮಿಷ ಸುಮ್ಮನೆ ನಿಂತು ನೋಡಿದೆ. ಬಹಳ ಸಂತೋಷವಾಯಿತು. ಆಮೇಲೆ ಸರಪಳಿ ಹಾಕಿ ಎಳೆದೆ.

ಸಾಹುಕಾರರು ಕೆಸರು ಒರೆಸಿಕೊಳ್ಳುತ್ತ "ಗಾಡಿ ಛಲೋ ಐತಲೇ ನಿಂದು" ಎಂದರು. ಸಂಕ್ರಾಂತಿಯಿಂದ ಇದೇ ಗಾಡಿ.

ಜೂನ್ 21, ಶನಿವಾರ

ಮುಂಜಾನೆ ಮಾತುಕತೆಗೆ ಕರೆದರು. ನಾನು ಕಾಕಾರಿಂದ ಕೇಳಿ ತಿಳಿದುಕೊಂಡೇ ಹೋಗಿದ್ದೆ. "ನಮ್ಮ ದೇಶ ಹೇಳಿದಂಗ ನಾನೂ ಮಾತು ಕೊಡ್ತೇನಿ. ನಾ ಮೊದಲ ಹಚ್ಚೂದಿಲ್ಲ. ನನ್ನ ಎದುರು ನಿಂತು ಯಾರರ ಹಚ್ಚಿದರ ಮಾತ್ರ ಹಚ್ಚತೇನಿ" ಎಂದೆ.

ಸಾಹುಕಾರರು ಉಳಿದವರ ಮುಖ ನೋಡಿದರು. "ಹುಡುಗ ಜವಾಬ್ದಾರಿ ಇದ್ದಾವ ಅದಾನ. ಇವನೊಬ್ಬಂದು ಇರಲಿ" ಎಂದರು. ಜಮಖಾನೆಯ ಮೇಲೆ ಜಾಗ ಮಾಡಿದರು. ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಇಲಾಚಿ ಹಾಕಿದ್ದು.

"ಹುಲೆಪ್ಪಂದು?" ಎಂದೆ.

"ಅವಂದು ಬ್ಯಾರೆ ಮಾತು. ಮೊದಲ ನೀ ಒಳಗ ಬಾ."

ಸರಿಯೇ. ಒಳಗೆ ಬಂದರೆ ತಾನೆ ಒಳಗಿನಿಂದ ಕೈ ಹಿಡಿದು ಎಳೆಯಲು ಬರುವುದು. ಹೊರಗೆ ಬಂದು ಹುಲ್ಯಾನಿಗೆ ಹಾಗೇ ಹೇಳಿದೆ. ಅವನು "ಹೂಂ" ಎಂದ. ಚಹಾ ಬಹಳ ಛಲೋ ಇತ್ತು.

ಜೂನ್ 23, ಸೋಮವಾರ

ಅವ್ವ ನನ್ನ ಟ್ರೇಲರ್ ಹತ್ತಿದಳು! ಹನ್ನೆರಡೂ ಮಂದಿ ಹತ್ತಿದರು. ಹೀರಾ "ಏ ಡ್ರೈವರ್ ಸಾಹೇಬ್ರ, ಹಚ್ರೀ" ಎಂದಳು. ಮೊದಲು ಹಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ. ದಾರಿಯ ತಿರುವಿನಲ್ಲಿ ಪರಸಪ್ಪನ ಟೇಪ್ ಕೇಳಿಸಿತು. ಕೂಡಲೇ ಹಚ್ಚಿದೆ. ತೋಟ ಮುಟ್ಟುವವರೆಗೆ ಹೆಂಗಸರು ಚಪ್ಪಾಳೆ ಹೊಡೆದರು.

ಸಂಜೆ ಕಾಕಾರ ಅಂಗಡಿಗೆ ಹೋದೆ. ಅಮೆರಿಕಾವೂ ಇರಾನಿನ ಮೂರು ಕಡೆ ಬಾಂಬ್ ಹಾಕಿದೆಯಂತೆ.

"ಏನಂತೀ?" ಎಂದರು ಕಾಕಾ.

"ಬಾಂಬ್ ಹಾಕಬಾರದಿತ್ತರೀ. ಆದರ ಹೊಸದಾಗಿ ಬರೂವರನ್ನ ಒಂದೀಟು ನೋಡಿ ಬಿಡಬೇಕಾಗತೈತಿ. ಎಲ್ಲಾರ ಕೈಯಾಗ ಕೊಟ್ರ ಹೆಂಗ?"

"ಒಂಬತ್ತು ದಿನದ ಹಿಂದ ಬ್ಯಾರೆ ಹೇಳಿದ್ದಿ."

"ಆಗ ಪರಿಸ್ಥಿತಿ ಬ್ಯಾರೆ ಇತ್ತರೀ."

ಕಾಕಾ ಕನ್ನಡಕ ಒರೆಸಿದರು. ಪಾಠ ಮಾತ್ರ ಮಾಡಲಿಲ್ಲ. ಅವರಿಗೆ ವಯಸ್ಸಾಗಿದೆ.

ಜೂನ್ 27, ಶುಕ್ರವಾರ

ಹುಲ್ಯಾನ ಬಾಕ್ಸ್ ರಬಕವಿಯಿಂದ ಬಂದಿದೆ. ಕಟ್ಟೆಯ ಮೇಲೆ ವಿಷಯ ತೆಗೆದರು. ಐವರೂ ಬೇಡ ಎಂದರು. ನನ್ನ ಕಡೆ ನೋಡಿದರು.

ಯೋಚನೆ ಮಾಡಿದೆ. ನಾನು ಹೊಳೆಯ ದಂಡೆಗೆ ಹೋಗಿ ಸಿಡಿಸಿ ತೋರಿಸಿದವನು. ನಿರ್ಬಂಧ ತಿಂದವನು. ಹುಲ್ಯಾ ಏನು ಮಾಡಿದ? ಕುಣಿದ. ಅಲ್ಲದೆ ಅವನು ಸ್ವಲ್ಪ ಹುಡುಗಾಟದವನು, ಹೆಚ್ಚು ಹಚ್ಚಿಬಿಡುತ್ತಾನೆ. ಇವತ್ತು ಅವನಿಗೆ ಕೊಟ್ಟರೆ ನಾಳೆ ಅಮೋಲ ಕೇಳುತ್ತಾನೆ, ನಾಡಿದ್ದು ಯುವರಾಜ. ಎಲ್ಲಿಗೆ ನಿಲ್ಲುತ್ತದೆ? "ಈಗ ಬ್ಯಾಡ, ಮುಂದ ನೋಡೂಣು" ಎಂದೆ. ಬೇಡ ಎನ್ನಲಿಲ್ಲ, ಮುಂದೆ ನೋಡೋಣ ಎಂದೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಅವನ ಟ್ರ್ಯಾಕ್ಟರ್ ನೋಡಿಕೊಂಡು ಬರಲು ನನ್ನನ್ನೇ ಕಳಿಸಿದರು. ನಾನು ದೋಸ್ತ, ಜಗಳ ಆಗುವುದಿಲ್ಲ ಎಂದು. ಹುಲ್ಯಾ ತಾನೇ ಸೀಟು ಎತ್ತಿ ಹಿಡಿದ. ವಾಯರ್ ಇತ್ತು.

"ಈ ವಾಯರ್ ಯಾಕಲೇ?" ಎಂದೆ.

"ಮೊಬೈಲ್ ಚಾರ್ಜ್ ಮಾಡಾಕ್ರೀ" ಎಂದ.

ನನಗೆ ರೀ ಎಂದ! ಒಂಬತ್ತು ವರ್ಷದ ದೋಸ್ತ. ಹಲ್ಲು ಉದುರಿಸಬೇಕು ಎನ್ನಿಸಿತು. ಸೀಟು ಇಳಿಸಿ ಬಂದೆ.

ಜೂನ್ 28, ಶನಿವಾರ

ಹುಲ್ಯಾ ಟೇಪಿಲ್ಲದ ಗಾಡಿ ಇಟ್ಟುಕೊಂಡು ಇಲ್ಲಿ ಉಪಯೋಗವಿಲ್ಲ ಎಂದು ಸಾಂಗಲಿ ಕಡೆಗೆ ಹೋಗುತ್ತಾನಂತೆ. ಅವ್ವ ಹೇಳಿದಳು. ಹೋಗಲಿ. ನಾನೇನು ತಡೆದೆನೇ?

ಜೂನ್ 30, ಸೋಮವಾರ

ದಾರಿಯಲ್ಲಿ ಆರು ಟೇಪ್. ಮುಂದೆ ಪರಸಪ್ಪ, ಹಿಂದೆ ಸಾಹುಕಾರರು, ನಡುವೆ ನಾನು. ಅವರು ಹೆಚ್ಚಿಸಿದರು, ನಾನು ಹೆಚ್ಚಿಸಿದೆ. ನಾನು ಹೆಚ್ಚಿಸಿದೆ, ಅವರು ಹೆಚ್ಚಿಸಿದರು. ಯಾವ ಹಾಡು ಎಂದು ಯಾರಿಗೂ ತಿಳಿಯಲಿಲ್ಲ. ಅವ್ವ ತಿರುಗಿ ಏನೋ ಹೇಳಿದಳು. ಬಾಯಿ ಅಲ್ಲಾಡುವುದು ಮಾತ್ರ ಕಾಣಿಸಿತು. ಹೊಗಳುತ್ತಿದ್ದಾಳೆ ಎಂದು ಕೈ ಮಾಡಿದೆ.

ಸಾಹುಕಾರರು ಜಮಖಂಡಿಯಿಂದ ಇನ್ನೊಂದು ಬ್ಯಾಟರಿ ತರುತ್ತಾರಂತೆ. ನಾನೂ ತರಬೇಕಾಗುತ್ತದೆ.

ಜುಲೈ 1, ಮಂಗಳವಾರ

ಗ್ಯಾಂಗ್ ನನ್ನ ಟ್ರೇಲರ್ ಹತ್ತಲಿಲ್ಲ. ಸಾಹುಕಾರರದೂ ಹತ್ತಲಿಲ್ಲ. ಆರೂ ಟೇಪುಗಳನ್ನು ದಾಟಿ ಹೋಗಿ ಹುಲ್ಯಾನ ಟ್ರೇಲರ್ ಹತ್ತಿದರು!

ಆರು ಮಂದಿ ಒಬ್ಬರ ಮುಖ ಒಬ್ಬರು ನೋಡಿದೆವು. ಸಾಹುಕಾರರು ಟೇಪ್ ಹಚ್ಚಿ ಕರೆದರು. ಹೀರಾ ಕಿವಿಗೆ ಸೆರಗು ಸುತ್ತಿಕೊಂಡಳು.

ಸಂಜೆ ಅವ್ವ ರೊಟ್ಟಿ ಬಡಿಯುವಾಗ ಕೇಳಿದೆ. "ಯಾಕ ಬೇ?"

"ನಿನ್ನೆ ಹೀರಾ ಮಗಳಿಗೆ ನೋಡಾಕ ಬಂದಿದ್ದ ಸುದ್ದಿ ಹೇಳಾಕತ್ತಿದ್ಲು. ವರಾ ಏನ್ ಕೇಳಿದ, ಹುಡುಗಿ ಏನ್ ಅಂದ್ಲು, ಒಂದೂ ಕೇಳಲಿಲ್ಲ. ನಗಬೇಕೋ ಅಳಬೇಕೋ ತಿಳೀಲಿಲ್ಲ. ಹನ್ನೊಂದು ಮಂದಿಯೂ ಸುಮ್ಮನ ಗೋಣು ಹಾಕಿದ್ವಿ. ಹೊಲದಾಗ ಬಗ್ಗಿ ದುಡ್ಯಾಕ ನಿಂತರ ಮಾತಿಗೆ ಹೊತ್ತಿಲ್ಲ. ಟ್ರೇಲರಿನಾಗಿನ ಒಂದ ತಾಸು ನಮ್ಮದು. ಅದನ್ನ ನೀವು ಆರು ಮಂದಿ ತಿಂದ್ರಿ."

"ನಿಮಗ ಟೇಪ್ ಬೇಕಂತ ತಾನ ನಾ ಇಷ್ಟೆಲ್ಲಾ ಮಾಡಿದ್ದು!"

"ಒಂದ ಹಚ್ಚಿದಾಗ ಬೇಕಿತ್ತು. ಆರೂ ಕೂಡಿ ಹಚ್ಚಿದ ಮ್ಯಾಗ ಹಾಡು ಎಲ್ಲಿ ಐತೋ? ಬರೇ ಜಿದ್ದು." ಹಂಚಿನ ಮೇಲೆ ರೊಟ್ಟಿ ತಿರುವಿದಳು. "ನಮಗೇನ, ಇಳದು ಹುಲ್ಯಾಂದು ಹತ್ತಿದ್ವಿ. ನಿಮ್ಮ ಜಿನ್ನಪ್ಪ ಕಾಕಾನ ಟೀವಿಯಾಗ ಬಾಂಬ್ ಬೀಳೂ ಊರಿನ ಮಂದಿ ಎಲ್ಲಿ ಇಳೀಬೇಕು ಪಾಪ?"

ನಾನು ಮೂರು ರೊಟ್ಟಿ ತಿನ್ನುವವನು, ಎರಡೇ ತಿಂದೆ.

ಜುಲೈ 3, ಗುರುವಾರ

ಕಟ್ಟೆಗೆ ಹೋಗಿ ಹೇಳಿದೆ: "ಆರೂ ಮಂದಿ ಕೂಡಿ ಟೇಪ್ ತಗದ ಬಿಡೂಣು. ಆಳು ಯಾರೂ ಹತ್ತವಲ್ಲರು."

"ಛಲೋ ವಿಚಾರ" ಎಂದರು ಸಾಹುಕಾರರು. "ಮೊದಲ ನೀ ತಗಿ."

"ದೊಡ್ಡದು ನಿಮ್ಮದು. ಮೊದಲ ನೀವು ತಗೀರಿ."

"ನಾ ತಗದು ಪರಸಪ್ಪ ತಗೀಲಿಲ್ಲಂದ್ರ?"

"ನಾನೂ ಅದನ್ನ ಕೇಳಬೇಕಂತಿದ್ದೆ" ಎಂದ ಪರಸಪ್ಪ. "ಸಾವುಕಾರ್ರ ತಗದು, ಮನ್ಯಾಗ ಒಂದು ಮುಚ್ಚಿಟ್ಟಿರಂದ್ರ?"

ಎರಡು ತಾಸು. ಮೂರು ಸಲ ಚಹಾ. ಕೊನೆಗೆ ತೀರ್ಮಾನ ಬರೆದರು: ಎಲ್ಲರೂ ಕ್ರಮೇಣ ತೆಗೆಯುವುದು.

ನಾನೇ ಓದಿ ಹೇಳಿದೆ, ಓದುವಾಗಲೇ ಕಿವಿ ಬಿಸಿಯಾಯಿತು. ಸಹಿ ಮಾಡಲಿಲ್ಲ. ಚಹಾದಲ್ಲಿ ಇವತ್ತು ಇಲಾಚಿ ಇರಲಿಲ್ಲ, ಅಥವಾ ನನಗೆ ತಿಳಿಯಲಿಲ್ಲ.

ಜುಲೈ 5, ಶನಿವಾರ

ಬಾಕ್ಸ್ ಬಿಚ್ಚಲು ಒಬ್ಬನೇ ಹೆಣಗಿದೆ. ಬಿಗಿಯುವಾಗ ಹುಲ್ಯಾ ಕೆಳಗಿನಿಂದ ನಟ್ಟು ಹಿಡಿದಿದ್ದ. ಈಗ ಮೇಲಿನಿಂದ ತಿರುಗಿಸಿದರೆ ಕೆಳಗಿನದೂ ತಿರುಗುತ್ತದೆ. ಇಬ್ಬರು ಬೇಕೇ ಬೇಕು.

ಅರ್ಧ ತಾಸು ಟ್ರ್ಯಾಕ್ಟರಿಗೆ ಬೈದೆ. ಆಮೇಲೆ ಪಾನಾ ಹಿಡಿದುಕೊಂಡು ಹುಲ್ಯಾನ ಮನೆಗೆ ಹೋದೆ. ಅವನು ಹೊಸ್ತಿಲ ಮೇಲೆ ಕುಳಿತು ಶೇಂಗಾ ತಿನ್ನುತ್ತಿದ್ದ.

"ಏನ್ರೀ?" ಎಂದ.

"ರೀ ಗೀ ಅಂದ್ರ ಇದ ಪಾನಾ ತಗೊಂಡು ಹೊಡೀತೇನಿ. ಬಾ, ಕೆಳಗಿನ ನಟ್ಟು ಹಿಡಿ."

"ಯಾಕ?"

"ಟೇಪ್ ಬಿಚ್ಚತೇನಿ."

"ಉಳಿದ ಐದು ಮಂದಿ?"

"ಅವರು ಕ್ರಮೇಣ ಬಿಚ್ಚತಾರ."

ಹುಲ್ಯಾ ಬಾಯಿಯಲ್ಲಿದ್ದ ಶೇಂಗಾ ಹೊರಗೆ ಬರುವ ಹಾಗೆ ನಕ್ಕ. ನನಗೂ ಬಂತು. ನಕ್ಕು ನಕ್ಕು ಹೊಸ್ತಿಲ ಮೇಲೆಯೇ ಕುಳಿತೆ.

ನಕ್ಕು ಮುಗಿದ ಮೇಲೆ ಅವನು ಕೇಳಿದ: "ಆವತ್ತು ಕಟ್ಟಿ ಮ್ಯಾಗ ನನ್ನ ಪರವಾಗಿ ಯಾಕ ಮಾತಾಡಲಿಲ್ಲಲೇ?"

ಡೈರಿಯಲ್ಲಿ ಅಷ್ಟೆಲ್ಲ ಕಾರಣ ಬರೆದಿದ್ದೆ. ಅವನ ಮುಂದೆ ಒಂದೂ ನೆನಪಾಗಲಿಲ್ಲ. "ಜಮಖಾನಿ ಮ್ಯಾಗ ಕುಂದರಿಸಿದ್ರಲೇ" ಎಂದೆ. "ಇಲಾಚಿ ಚಹಾ ಇತ್ತು."

"ಹಂಗಂತ ಮೊದಲ ಹೇಳಬೇಕಿಲ್ಲೋ ಮಗನ. ನಾ ಬ್ಯಾರೆ ಏನರ ಐತಿ ಅಂತ ತಿಳಕೊಂಡಿದ್ದೆ" ಎಂದು ಎದ್ದ.

ಇಬ್ಬರೂ ಸೇರಿ ಬಿಚ್ಚಿದೆವು. ಸಾಂಗಲಿಗೆ ಯಾವಾಗ ಹೋಗುತ್ತೀ ಎಂದು ಕೇಳಿದೆ. "ಗ್ಯಾಂಗ್ ನನ್ನ ಗಾಡಿ ಹತ್ತಾಕತ್ತೈತಿ. ಯಾಕ ಹೋಗಲಿ?" ಎಂದ. ಅವನ ಬಾಕ್ಸ್ ಹೊಸ ಬಣ್ಣದ ಸಮೇತ ಅವನ ಮನೆಯ ಮೂಲೆಯಲ್ಲಿ ಹಾಗೇ ಇದೆ. ಅವನ ಅವ್ವ ಅದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟಿದ್ದಾಳೆ.

ನಾನು ಹೆದರಿ ಬಿಚ್ಚಿದೆ ಎಂದು ಯಾರಾದರೂ ಹೇಳಿದರೆ ಅವರ ಹಲ್ಲು ಇರುವುದಿಲ್ಲ.

ಜುಲೈ 7, ಸೋಮವಾರ

ಮುಂಜಾನೆ ಟೇಪಿಲ್ಲದ ಎರಡು ಟ್ರ್ಯಾಕ್ಟರ್ ಒಂದರ ಹಿಂದೆ ಒಂದು ನಿಲ್ಲಿಸಿದೆವು. ಹುಲ್ಯಾನದು ಮುಂದೆ, ನನ್ನದು ಹಿಂದೆ. ಆಚೆ ಸಾಹುಕಾರರು ಹೊಸ ಬ್ಯಾಟರಿಯ ಮೇಲೆ ಹಾಡು ಹಚ್ಚಿಕೊಂಡು ಖಾಲಿ ಟ್ರೇಲರ್ ನಿಲ್ಲಿಸಿದ್ದರು.

ಗ್ಯಾಂಗ್ ಬಂತು. ಅವ್ವ ನನ್ನ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿದಳು. ಸೀಟಿನ ಹಿಂದೆ ನೋಡಿದಳು. ಸೀಟು ಎತ್ತಿಯೂ ನೋಡಿದಳು.

"ಬಿಚ್ಚೇನಿ ಬೇ. ಹತ್ತು ಇನ್ನ."

"ಇವತ್ತು ಹುಲ್ಯಾಂದ ಹತ್ತತೇವಿ. ನೀ ಒಂದ ದಿನ ಸುಮ್ಮನ ಇದ್ದು ತೋರಸು."

"ಹೆತ್ತ ಮಗನ ಮ್ಯಾಲ ಇಷ್ಟೂ ನಂಬಿಕಿ ಇಲ್ಲೇನ ಬೇ!"

"ನಂಬಿಕಿ ಐತಿ. ನೋಡೇ ನಂಬತೇನಿ."

ಹನ್ನೆರಡು ಮಂದಿಯೂ ಹುಲ್ಯಾನ ಟ್ರೇಲರ್ ಹತ್ತಿದರು. ಅರಿಶಿಣದ ಬೀಜದ ಚೀಲಗಳನ್ನು ನನ್ನದಕ್ಕೆ ಹೇರಿದರು. ಚೀಲ ಹೇರಿಕೊಂಡು ಹಿಂದೆ ಹೋದೆ. ಊರು ದಾಟಿದ ಮೇಲೆ ಸಾಹುಕಾರರ ಹಾಡು ಹಿಂದೆ ಉಳಿಯಿತು. ಮುಂದಿನ ಟ್ರೇಲರಿನಲ್ಲಿ ಹೀರಾ ಎದ್ದು ನಿಂತು, ಮಗಳನ್ನು ನೋಡಲು ಬಂದ ವರ ಹೇಗೆ ಚಹಾದ ಬಸಿಯನ್ನು ತೊಡೆಯ ಮೇಲೆ ಚೆಲ್ಲಿಕೊಂಡ ಎಂದು ಮಾಡಿ ತೋರಿಸುತ್ತಿದ್ದಳು. ಹೆಂಗಸರು ಒಬ್ಬರ ಮೇಲೆ ಒಬ್ಬರು ಬಿದ್ದು ನಗುತ್ತಿದ್ದರು. ಹುಡುಗಿ ಏನಂದಳು ಎಂದು ಅವ್ವ ಕೇಳಿದಳು.

ಹೀರಾ ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ನನ್ನ ಎಂಜಿನ್ನಿನ ಸದ್ದು ಬಹಳವಾಗಿತ್ತು. ಗಾಡಿಯನ್ನು ಅವರ ಬೆನ್ನಿಗೆ ಹತ್ತಿರ ತಂದು, ರೇಸ್ ಪೂರ್ತಿ ಕಡಿಮೆ ಮಾಡಿ, ಕುತ್ತಿಗೆ ಮುಂದೆ ಚಾಚಿಕೊಂಡು ಹೊಡೆದೆ.